ಶಗಡಿಯಿಂದ ಹೀಟ್ ಪಂಪಿನ ತನಕ: ಮನಿ ಬೆಚ್ಚಗಿಟ್ಟ ಕತಿ

ಅಕ್ಕ-ತಂಗೇರ, ಈಗ ನಮ್ಮ ಓಣ್ಯಾಗ, ನಮ್ಮ ಬಳಗದಾಗ ಮಗಳ ಬಾಣಂತನಕ್ಕ ಪರದೇಶಕ್ಕ ಹೋಗೋ ಅವ್ವಂದಿರು ಭಾಳ ಆಗ್ಯಾರ. ಹೋಗೂ ಮುಂದ ಎಲ್ಲಾರೂ ಕೇಳೋದು ಅಂಟಿನ ಉಂಡಿ ಒಯ್ಯಬಹುದೇನ, ಅಜವಾನ ಒಯ್ಯಬಹುದೇನ ಅಂತ. ಅಲ್ಲಿ ಥಂಡಿ ಹೆಂಗಿರತೈತಿ, ಮನಿ ಬೆಚ್ಚಗ ಮಾಡೋ ಮಿಷನ್ನು ನಿಂತರ ಏನ ಮಾಡೋದು ಅಂತ ಯಾರೂ ಕೇಳಂಗಿಲ್ಲ. ಅದಕ್ಕ ಈ ಸಲ ಅಡಗಿ ಬಿಟ್ಟು ಬಿಸಿಯ ಇತಿಹಾಸ ಬರಿಯಾಕತ್ತೀನಿ. ಹಳೇದು ತಿಳಕೊಂಡ್ರ ಹೊಸಾದು ಲಗೂನ ತಿಳೀತೈತಿ.

ನಮ್ಮ ಹಮ್ಮಿಗಿ, ಮುಂಡರಗಿ ಕಡೆ ಮನಿ ಬೆಚ್ಚಗ ಮಾಡಾಕ ಅಂತ ಬ್ಯಾರೆ ಸಾಮಾನು ಇದ್ದಿಲ್ಲ, ಬೇಕೂ ಆಗಿದ್ದಿಲ್ಲ. ಮನಿ ಕಟ್ಟೋ ರೀತಿನ ಹಂಗಿತ್ತು. ಮಣ್ಣಿನ ದಪ್ಪ ಗ್ವಾಡಿ, ಮ್ಯಾಲೆ ಮಣ್ಣಿನ ಮಾಳಿಗಿ. ಹಗಲೆಲ್ಲಾ ಬಿಸಲು ಕುಡದ ಗ್ವಾಡಿ ರಾತ್ರಿ ನಿಧಾನಕ್ಕ ಬಿಸಿ ಬಿಡತಿತ್ತು. ಬಾಗಲದ ಒಳಗ ಒಂದು ಬಾಜೂ ಗ್ವಾದಲಿ, ಅಲ್ಲೇ ದನಾ ಕಟ್ಟತಿದ್ರು. ಎತ್ತು, ಎಮ್ಮಿ ಮೈಯಿನ ಬಿಸಿ ಪಡಸಾಲಿಗೆ ಬರತಿತ್ತು. ಮ್ಯಾಲೆ ಹೊಚ್ಚಗೊಳ್ಳಾಕ ಹಳೇ ಸೀರಿ ಹೊಲದ ಕೌದಿ. ಬಚ್ಚಲದಾಗ ಹಂಡೆ, ಅದರ ಕೆಳಗ ಹತ್ತಿ ಕಟಗಿ, ತೊಗರಿ ಕಟಗಿ, ಕುಳ್ಳು. ಉಳ್ಳವರ ಮನ್ಯಾಗ ತಾಮ್ರದ ಬಂಬ. ಆಮ್ಯಾಲೆ ನೀರಾಗ ಇಡೋ ಕರೆಂಟಿನ ಕಾಯಿಲ್ ಬಂತು, ಗೀಜರ್ ಬಂತು, ಮಾಳಿಗಿ ಮ್ಯಾಲೆ ಸೋಲಾರ್ ಬಂತು. ಎಲ್ಲಾ ನೀರಿಗೆ. ಮನಿಗೆ ಅಂತ ಏನೂ ಬರಲಿಲ್ಲ.

ಒಬ್ಬರಿಗೆ ಮಾತ್ರ ಬ್ಯಾರೆ ಬಿಸಿ ಬೇಕಾಗಿತ್ತು, ಬಾಣಂತಿಗೆ. ಕತ್ತಲ ಖೋಲಿ, ಹೊರಸು, ಹೊರಸಿನ ಕೆಳಗ ಶಗಡಿ. ಶಗಡಿಯಾಗ ಇದ್ದಲಿ ಕೆಂಡ, ಕೆಂಡದ ಮ್ಯಾಲೆ ಅಜವಾನ, ಲೋಬಾನ. ತಾಯಿ ಮೈ ಕಾಸಬೇಕು, ಕೂಸಿಗೆ ಹೊಗಿ ತೋರಸಬೇಕು ಅಂತ ನಮ್ಮ ಆಯಿ, ಅವ್ವ ಎಲ್ಲಾರೂ ಮಾಡ್ಯಾರ. ಮಾಳಿಗಿ ಮನ್ಯಾಗ ಅದು ಹೆಂಗ ನಡೀತು? ಮಾಳಿಗಿಗೆ ಬೆಳಕಿಂಡಿ ಇತ್ತು. ಬಾಗಲ ಸಂದಿ, ತೊಲಿ ಸಂದಿ, ಎಲ್ಲಾ ಕಡೆ ಗಾಳಿ ಆಡತಿತ್ತು. ಕೆಂಡದ ವಿಷಗಾಳಿ ಹಂಗ ಹೊರಗ ಹೋಗತಿತ್ತು. ಆದ್ರೂ ಬಾಗಲಾ ಮುಚ್ಚಿದ ಖೋಲ್ಯಾಗ ತಲಿ ಸುತ್ತಿ ಬಿದ್ದ ಬಾಣಂತಿ ಸುದ್ದಿ ಆಗಿನ ಕಾಲಕ್ಕೂ ಕೇಳಾಕ ಸಿಗತಿತ್ತು. “ದೃಷ್ಟಿ ಆಗೇತಿ” ಅಂತಿದ್ರು. ಅದರಾಗ ಎಷ್ಟು ದೃಷ್ಟಿ, ಎಷ್ಟು ಇದ್ದಲಿ ಅಂತ ಈಗ ನಾವ ವಿಚಾರ ಮಾಡಬೇಕು.

ಈಗ ಪರದೇಶದ ಮನಿಗೆ ಬರ್ರಿ. ಅಲ್ಲಿ ಬೆಳಕಿಂಡಿ ಇಲ್ಲ. ಕಿಡಕಿಗೆ ಎರಡೆರಡು ಗಾಜು, ಗ್ವಾಡಿ ಒಳಗ ಹತ್ತಿಯಂಥಾದ್ದು ತುಂಬಿರತಾರ, ಒಂದು ಸಂದಿ ಬಿಡಂಗಿಲ್ಲ. ಭಾಳ ಮನ್ಯಾಗ ಈಗ ಗ್ವಾಡಿ ಮ್ಯಾಲೆ ನಮ್ಮ ಎಸಿ ಇದ್ದಂಗ ಒಂದು ಉದ್ದನ್ನ ಪೆಟ್ಟಗಿ, ಹೊರಗ ಫ್ಯಾನಿನ ದೊಡ್ಡ ಪೆಟ್ಟಗಿ ಇರತಾವ. ನೋಡಾಕ ಎಸಿನ, ಆದ್ರ ಬ್ಯಾಸಗ್ಯಾಗ ತಣ್ಣಗ, ಥಂಡ್ಯಾಗ ಬೆಚ್ಚಗ ಗಾಳಿ ಬಿಡತೈತಿ. ಇದಕ್ಕ ಹೀಟ್ ಪಂಪ್ ಅಂತಾರ.

ಪಂಪ್ ಅನ್ನೋ ಶಬ್ದ ನಮ್ಮೂರವರಿಗೆ ಬಿಡಿಸಿ ಹೇಳಬೇಕಿಲ್ಲ. ಹಮ್ಮಿಗಿ ಬ್ಯಾರೇಜು ನಮ್ಮ ಕಣ್ಣ ಮುಂದ ಐತಿ. ಸಿಂಗಟಾಲೂರು ಏತ ನೀರಾವರಿ ಅಂದ್ರ ಏನು? ಪಂಪು ನೀರು ಹುಟ್ಟಸಂಗಿಲ್ಲ. ಕೆಳಗ ತುಂಗಭದ್ರ್ಯಾಗ ಇದ್ದ ನೀರನ್ನ ಕರೆಂಟಿನ ಬಲದಿಂದ ಮ್ಯಾಲೆ ಎತ್ತಿ ಕಾಲುವಿಗೆ ಹಾಕತೈತಿ, ಅಷ್ಟ. ಹೀಟ್ ಪಂಪೂ ಹಂಗ. ಅದು ಬಿಸಿ ಹುಟ್ಟಸಂಗಿಲ್ಲ. ಹೊರಗಿನ ಗಾಳ್ಯಾಗ ಇದ್ದ ಬಿಸಿ ಎತ್ತಿ ಮನಿಯೊಳಗ ತಂದು ಸುರೀತೈತಿ. ಅದಕ್ಕ ಕಾಯಿಲ್ ಹೀಟರಿನಾಗ 1 ಯುನಿಟ್ ಕರೆಂಟಿಗೆ 1 ಯುನಿಟ್ ಬಿಸಿ ಬಂದ್ರ, ಇದರಾಗ ಸುಮಾರು 3 ಯುನಿಟ್ ಬಿಸಿ ಸಿಗತೈತಿ. ಥಂಡಿ ಹೆಚ್ಚಾದಂಗ ಅದು ಕಡಿಮಿ ಆಗತೈತಿ, ನದಿ ಇಳದಷ್ಟು ಪಂಪಿಗೆ ಎತ್ತೋ ಕಷ್ಟ ಹೆಚ್ಚಾದಂಗ.

“ಹೊರಗ ಬರ್ಫ ಬಿದ್ದೈತಿ, ಅಲ್ಲೆಲ್ಲಿ ಬಿಸಿ?” ಅಂತ ಕೇಳಬಹುದು. ಕೊಳವಿ ಒಳಗ ಒಂದು ಗ್ಯಾಸ್ ಓಡಾಡತಿರತೈತಿ. ನೀರು 100 ಡಿಗ್ರಿಗೆ ಕುದ್ರ, ಈಗಿನ ಆರ್-32 ಅನ್ನೋ ಗ್ಯಾಸ್ ಮೈನಸ್ 50 ಡಿಗ್ರಿ ಸುಮಾರಿಗೇ ಕುದೀತೈತಿ. ಅದರ ಮುಂದ ಬರ್ಫದ ಗಾಳಿನೂ ಬೆಚ್ಚಗನ. ಆ ಗಾಳಿಯಿಂದ ಬಿಸಿ ಹೀರಿ ಆವಿ ಆಗತೈತಿ. ಕಂಪ್ರೆಸರ್ ಅದನ್ನ ಒತ್ತತೈತಿ. ಸೈಕಲ್ಲಿಗೆ ಗಾಳಿ ಹೊಡದ ಪಂಪಿನ ಬುಡ ಮುಟ್ಟಿದವರಿಗೆ ಗೊತ್ತು, ಒತ್ತಿದ ಗಾಳಿ ಕಾಯತೈತಿ. ಹಂಗ ಕಾದ ಗ್ಯಾಸ್ ಒಳಗಿನ ಪೆಟ್ಟಗಿಗೆ ಬಂದು ಬಿಸಿ ಬಿಟ್ಟು, ಮತ್ತ ಹೊರಗ ಹೋಗತೈತಿ.

ಇದು ನಿನ್ನೆ ಮೊನ್ನೆ ಹುಟ್ಟಿದ ವಿದ್ಯೆ ಅಲ್ಲ. 1834ರಾಗ ಜೇಕಬ್ ಪರ್ಕಿನ್ಸ್ ಅನ್ನಾವ ಇಂಥಾ ಚಕ್ರದಿಂದ ಬರ್ಫ ಮಾಡೋ ಮಿಷನ್ನಿಗೆ ಪೇಟೆಂಟ್ ತಗೊಂಡ. 1852ರಾಗ ಗ್ಲಾಸ್ಗೋದ ವಿಲಿಯಂ ಥಾಮ್ಸನ್, ಮುಂದ ಲಾರ್ಡ್ ಕೆಲ್ವಿನ್ ಅಂತ ಹೆಸರಾದಾವ, ಇದನ್ನ ತಿರಿವಿ ಹಾಕಿದ್ರ ಮನಿ ಬಿಸಿನೂ ಮಾಡಬಹುದು ಅಂತ ಬರದ. ನಾಲ್ಕೈದು ವರ್ಷದಾಗ ಆಸ್ಟ್ರಿಯಾದ ಎಬೆನ್ಸೀ ಊರಿನ ಉಪ್ಪಿನ ಕಾರಖಾನ್ಯಾಗ ಪೀಟರ್ ರಿಟ್ಟಿಂಗರ್ ಇದನ್ನ ಮಾಡಿ ತೋರಿಸಿದ. ಉಪ್ಪು ನೀರು ಕುದಸಾಕ ಅಡವಿ ಅಡವಿನ ಕಟಗಿ ಆಗತಿತ್ತು, ಆ ಕಟಗಿ ಉಳಸೋದ ಅವನ ಉದ್ದೇಶ. ಹಂಡೆ ಒಲಿಗೆ ಕಟಗಿ ಹೊಂದಸಿದ ನಮಗ ಅವನ ಚಿಂತಿ ತಿಳೀತೈತಿ.

ನನಗ ಭಾಳ ಹಿಡಿಸಿದ್ದು ಜ್ಯೂರಿಕ್ ಕತಿ. ಸ್ವಿಟ್ಜರ್ಲೆಂಡಿನ ಆ ಊರಾಗ ಲಿಮ್ಮಾಟ್ ನದಿ ದಂಡಿಗೆ ಹಳೇ ಟೌನ್ ಹಾಲ್ ಐತಿ. ಕಲ್ಲಿದ್ದಲಿ ಹೊರಗಿನ ದೇಶದಿಂದ ತರಬೇಕಾಗಿತ್ತು. 1938ರ ಹೊತ್ತಿಗೆ ಅಲ್ಲಿ ಹೀಟ್ ಪಂಪ್ ಕುಂದರಿಸಿ, ಥಂಡಿ ನದಿ ನೀರಿನ ಬಿಸಿಯನ್ನ ಎತ್ತಿ ಹಾಲ್ ಬೆಚ್ಚಗ ಮಾಡಿದ್ರು. ನಾವು ನದಿಯಿಂದ ನೀರು ಎತ್ತಿದ್ರ, ಅವರು ನದಿಯಿಂದ ಬಿಸಿ ಎತ್ತಿದ್ರು.

ಮನಿ ಗ್ವಾಡಿಗೆ ತಂದವರು ಹೆಚ್ಚಾಗಿ ಜಪಾನಿನವರು. 1961ರಾಗ ತೋಶಿಬಾದವರು ಸಪ್ಪಳ ಮಾಡೋ ಭಾಗ ಹೊರಗ, ಗಾಳಿ ಬಿಡೋ ಭಾಗ ಒಳಗ ಅಂತ ಬ್ಯಾರೆ ಮಾಡಿದ್ರು. 1973ರಾಗ ಎಣ್ಣಿ ತುಟ್ಟಿ ಆದ ಮ್ಯಾಲೆ ಬಿಸಿ ಮಾಡೋ ಎಸಿಗೆ ಬೆಲೆ ಬಂತು. 1981ರಾಗ ಮನಿಗೆ ಇನ್ವರ್ಟರ್ ಎಸಿ ಬಂತು, ಬೇಕಾದಷ್ಟ ವೇಗದಾಗ ಓಡೋದು. 1987ರ ಮಾಂಟ್ರಿಯಲ್ ಒಪ್ಪಂದ ಆದ ಮ್ಯಾಲೆ ಓಝೋನ್ ಕೆಡಸೋ ಗ್ಯಾಸು ಒಂದೊಂದ ಬಿಟ್ಟು ಹೊಸಾ ಗ್ಯಾಸು ಬಂದುವು.

ಈಗ ಮಿಷನ್ನು ಓಡತೈತಿ, ಬಿಸಿ ಬರಂಗಿಲ್ಲ ಅಂದ್ರ ಏನು? ಹ್ವಾದ ವರ್ಷ ನಮ್ಮ ಬಳಗದ ಹುಡುಗಿ ಮನ್ಯಾಗ ಹಂಗ ಆತು. ಅಮೇರಿಕಾದ ಥಂಡಿ ಊರು, ಜನವರಿ ತಿಂಗಳು, 18 ದಿನದ ಕೂಸು. ಗಾಳಿ ಬರತಿತ್ತು, ಉಗುರ ಬೆಚ್ಚಗೂ ಇದ್ದಿಲ್ಲ. ಹುಡುಗಿ ಅವ್ವಗ ಹೊರಗ ಹಿತ್ತಲದಾಗ ಇದ್ದ ಇದ್ದಲಿ ಒಲಿ ಕಾಣಿಸ್ತು. “ಇದನ್ನ ಒಳಗ ತರೋಣು, ನಮ್ಮ ಶಗಡಿ ಇದ್ದಂಗ ಐತಿ” ಅಂದ್ಲಂತ. ಮಗಳು ಬಾಗಲಕ್ಕ ಅಡ್ಡ ನಿಂತು, “ಯವ್ವಾ, ಈ ಮನಿಗೆ ಬೆಳಕಿಂಡಿ ಇಲ್ಲ” ಅಂದಳು. ಆಮ್ಯಾಲೆ ಒಂದೊಂದ ನೋಡಕೋತ ಹ್ವಾದ್ರು. ಅವರು ನೋಡಿದ ಸಾಲು ನಮ್ಮ ಏತ ನೀರಾವರಿ ಸಾಲಿನಂಗನ ಐತಿ. ಕಾಲುವಿಗೆ ನೀರು ಬರಲಿಲ್ಲ ಅಂದ್ರ ಮೊದಲು ತೂಬು ನೋಡತೀವಿ, ಆಮ್ಯಾಲೆ ಕಸಾ, ಆಮ್ಯಾಲೆ ನದಿ, ಕರೆಂಟು, ಕಡೀಕ ಪೈಪು.

ಮೊದಲು ರಿಮೋಟು. ಸೂರ್ಯನ ಚಿತ್ರ ಇದ್ರ ಬಿಸಿ, ಬರ್ಫದ ಹೂ ಇದ್ರ ತಣ್ಣಗ, ನೀರಿನ ಹನಿ ಇದ್ರ ಪಸಿ ತಗಿಯೋದು. ಸೂರ್ಯ ಇರಬೇಕು, ಇಟ್ಟ ಡಿಗ್ರಿ ಖೋಲಿ ಡಿಗ್ರಿಗಿಂತ ಹೆಚ್ಚಿರಬೇಕು. ಒಂದ ಹೊರಗಿನ ಪೆಟ್ಟಗಿಗೆ ಎರಡು ಮೂರು ಖೋಲಿ ಕೂಡಿಸಿದ್ರ, ಒಂದ್ರಾಗ ತಣ್ಣಗ ಇಟ್ಟು ಇನ್ನೊಂದ್ರಾಗ ಬಿಸಿ ಕೇಳಿದ್ರ ಅದು ಕೊಡಂಗಿಲ್ಲ. ಎಲ್ಲಾ ಖೋಲ್ಯಾಗ ಒಂದ ಇರಬೇಕು.

ಆಮ್ಯಾಲೆ ಜಾಲರಿ. ಒಳಗಿನ ಪೆಟ್ಟಗಿ ಮುಚ್ಚಳ ಎತ್ತಿದ್ರ ಜಾಲರಿ ಬರತಾವ. ಧೂಳು ಹತ್ತಿದ್ರ ಗಾಳಿ ದಾಟಂಗಿಲ್ಲ, ಖೋಲಿ ಕಾಯಂಗಿಲ್ಲ. ಉಗುರ ಬೆಚ್ಚಗಿನ ನೀರಾಗ ತೊಳದು, ನೆರಳಾಗ ಒಣಗಿಸಿ ಹಾಕಬೇಕು. ಥಂಡ್ಯಾಗ ತಿಂಗಳಿಗೆ ಒಂದು ಸಲರೆ ಮಾಡ್ರಿ. ಗಾಳಿ ಬಿಡೋ ಪಟ್ಟಿ ಕೆಳಗ ಮಾರಿ ಮಾಡಿರಬೇಕು, ಯಾಕಂದ್ರ ಬಿಸಿ ಗಾಳಿ ತಾನ ಮ್ಯಾಲೆ ಏರತೈತಿ.

ಮೂರನೇದು ಹೊರಗಿನ ಪೆಟ್ಟಗಿ, ಅದ ನಮ್ಮ ನದಿ. ಬರ್ಫ, ಎಲಿ ಮುಚ್ಚಿದ್ರ ಬಿಸಿ ಹೀರಾಕ ಗಾಳಿ ಎಲ್ಲಿಂದ ಸಿಗಬೇಕು? ಸುತ್ತಲಿನ ಬರ್ಫ ಸರಸಬೇಕು. ಪೆಟ್ಟಗಿಗೆ ಹತ್ತಿದ ಬರ್ಫನ್ನ ಚಾಕು, ಸಲಾಕಿಯಿಂದ ಕೆತ್ತಬ್ಯಾಡ್ರಿ, ಕೊಳವಿ ತೂತು ಬೀಳತಾವ. ಇನ್ನೊಂದು ತಿಳಕೊಳ್ರಿ: ನಡು ನಡುವ ಐದ್ಹತ್ತು ನಿಮಿಷ ಬಿಸಿ ನಿಂತು, ಹೊರಗಿನ ಪೆಟ್ಟಗಿಯಿಂದ ಹೊಗಿಯಂಗ ಆವಿ ಏಳತೈತಿ. ಅದು ಕೆಟ್ಟಿದ್ದಲ್ಲ. ತನಗ ಹತ್ತಿದ ಬರ್ಫ ತಾನ ಕರಗಿಸಿಕೊಳ್ಳಾಕತ್ತಿರತೈತಿ. ಆಮ್ಯಾಲೆ ಮತ್ತ ಬಿಸಿ ಬರತೈತಿ.

ನಾಲ್ಕನೇದು ಕರೆಂಟು. ಹೊರಗಿನ ಫ್ಯಾನು ತಿರಗವಲ್ದು ಅಂದ್ರ ಬ್ರೇಕರ್ ಬಿದ್ದಿರಬಹುದು. ಒಮ್ಮೆ ಆರಿಸಿ ಹಚ್ಚಿ ನೋಡಬೇಕು. ಮತ್ತ ಬಿದ್ರ ಕೈ ಹಚ್ಚಬಾರದು, ಕರೆಂಟಿನವರನ್ನ ಕರೀಬೇಕು.

ಆ ಹುಡುಗಿ ಮನ್ಯಾಗ ಈ ನಾಲ್ಕೂ ಸರಿ ಇದ್ದುವು. ಆದ್ರ ಹೊರಗಿನ ಪೆಟ್ಟಗಿ ಒಂದು ಮೂಲಿ ಅಷ್ಟ ಬರ್ಫ ಹಿಡದಿತ್ತು, ಉಳದದ್ದು ಒಣಾ ಇತ್ತು. ಅದರ ಫೋಟೋ ತಗದು ರಿಪೇರಿಯವರಿಗೆ ಕಳಿಸಿದ್ರು. ಮರುದಿನ ಬಂದಾವ ಪೈಪಿನ ಜೋಡಿಗೆ ಸಾಬಾಣ ನೊರಿ ಹಚ್ಚಿದ, ಗುಳ್ಳಿ ಎದ್ದುವು. ಗ್ಯಾಸ್ ಸೋರತಿತ್ತು. ಜೋಡಿ ಹೊಸಾದು ಮಾಡಿ, ನೈಟ್ರೋಜನ್ ತುಂಬಿ ಸೋರಂಗಿಲ್ಲ ಅಂತ ಖಾತ್ರಿ ಮಾಡಿ, ಒಳಗಿನ ಗಾಳಿ ಎಳದು, ಗ್ಯಾಸ್ ತೂಕಾ ಮಾಡಿ ಹಾಕಿದ. ಸೋರೋದು ಹುಡುಕದ ಬರೇ ಗ್ಯಾಸ್ ತುಂಬಿದ್ರ ತೂತಿನ ಕೊಡಕ್ಕ ನೀರು ಹಾಕಿದಂಗ. ಇನ್ನೂ ಒಂದು ರೋಗ ಇರತೈತಿ: ಬಿಸಿ-ತಣ್ಣಗ ತಿರಗಸೋ ವಾಲ್ವು ಸಿಕ್ಕೊಂಡ್ರ, ಬಿಸಿ ಕೇಳಿದ್ರೂ ತಣ್ಣಗಿನ ಗಾಳಿನ ಬರತೈತಿ. ಅದೂ ರಿಪೇರಿಯವರ ಕೆಲಸನ.

ಆ ಒಂದು ರಾತ್ರಿ ಕೂಸಿನ್ನ ಹೆಂಗ ಕಾದ್ರು ಅನ್ನೋದು ಎಲ್ಲಕ್ಕಿಂತ ಮುಖ್ಯ. 1978ರಾಗ ಕೊಲಂಬಿಯಾ ದೇಶದ ಬೊಗೋಟಾ ಊರಿನ ದವಾಖಾನ್ಯಾಗ ಕೂಸು ಇಡೋ ಕಾಚಿನ ಪೆಟ್ಟಗಿ ಸಾಲದ, ಡಾಕ್ಟರ್ ಎಡ್ಗರ್ ರೇ ಸಣ್ಣ ಕೂಸುಗಳನ್ನ ತಾಯಿ ಎದಿಗೆ ಬರೇ ಮೈಗೆ ಬರೇ ಮೈ ಹತ್ತಿಸಿ ಇಡಾಕ ಹಚ್ಚಿದ. ಕಾಂಗರೂ ಆರೈಕಿ ಅಂತ ಈಗ ಜಗತ್ತೆಲ್ಲಾ ಒಪ್ಪೇತಿ, ನಮ್ಮ ಸರ್ಕಾರಿ ದವಾಖಾನ್ಯಾಗೂ ಹೇಳತಾರ. ಆ ರಾತ್ರಿ ಅವರೂ ಹಂಗ ಮಾಡಿದ್ರು. ಎಲ್ಲಾರೂ ಒಂದ ಸಣ್ಣ ಖೋಲಿ ಸೇರಿದ್ರು, ಕೂಸಿಗೆ ಟೊಪಗಿ, ಕಾಲಚೀಲ, ತಾಯಿ ಎದಿಗೆ ಕೂಸು, ಬೆನ್ನ ಮ್ಯಾಲೆ ಊರಿಂದ ಒಯ್ದ ಕೌದಿ, ಕೂಸಿನ ಮೂಗು ಬಾಯಿ ಬಯಲಿಗೆ. ತಾಯಿಗೆ ನಿದ್ದಿ ಬಂದಾಗ ಅಪ್ಪನ ಎದಿ, ಅವಗ ಬಂದಾಗ ಆಯಿ ಎದಿ. ಎಚ್ಚರ ಇದ್ದವರ ಕೈಯಾಗ ಅಷ್ಟ ಕೂಸು. ಬೆಳಗಾದ್ರೂ ಬಿಸಿ ಬರದಿದ್ರ ಗೆಳತಿ ಮನಿಗೆ ಹೋಗೋದು ಅಂತ ಚೀಲಾ ಕಟ್ಟಿಟ್ಟಿದ್ರು.

ಶಗಡಿ ಮಾತು ಹಗರ ಅಲ್ಲ. 2021ರ ಫೆಬ್ರುವರ್ಯಾಗ ಅಮೇರಿಕಾದ ಟೆಕ್ಸಾಸ್ ರಾಜ್ಯದಾಗ ಹಿಮಗಾಳಿ ಬಂದು 45 ಲಕ್ಷ ಮನಿಗಿಂತ ಹೆಚ್ಚಿಗೆ ಕರೆಂಟು ಹೋತು. ಡಾಲಸ್, ಹ್ಯೂಸ್ಟನ್, ಆಸ್ಟಿನ್ ಕಡೆ ನಮ್ಮ ಕನ್ನಡದ ಮಂದಿನೂ ಭಾಳ ಅದಾರ. ಸರ್ಕಾರದ ಲೆಕ್ಕದಾಗ ಸತ್ತವರು 246 ಮಂದಿ. ಹೆಚ್ಚಿನವರು ಥಂಡಿಗೆ, ಆದ್ರ ಕೆಲವರು ಬೆಚ್ಚಗಾಗಾಕ ಹೋಗಿ ಕಾರ್ಬನ್ ಮೊನಾಕ್ಸೈಡ್ ಅನ್ನೋ ವಿಷಗಾಳಿಗೆ. ಆ ಗಾಳಿಗೆ ಬಣ್ಣಿಲ್ಲ, ವಾಸನಿ ಇಲ್ಲ. ರಕ್ತಕ್ಕ ಆಕ್ಸಿಜನ್‌ಗಿಂತ 200 ಪಟ್ಟು ಗಟ್ಟಿಯಾಗಿ ಹತ್ತತೈತಿ. ತಲಿ ನೋವು, ವಾಂತಿ, ನಿದ್ದಿ ಬಂದಂಗ ಆಗತೈತಿ, ಆ ನಿದ್ದಿಯಿಂದ ಏಳೋದು ಇಲ್ಲ.

ಬಾಣಂತನಕ್ಕ ಹೋಗೋ ಅವ್ವಂದಿರ, ಕೌದಿ ಒಯ್ರಿ, ಅಜವಾನ ಒಯ್ರಿ. ಶಗಡಿ ಬುದ್ಧಿ ಇಲ್ಲೇ ಬಿಟ್ಟು ಹೋಗ್ರಿ. ಹ್ವಾದ ಮೊದಲನೇ ವಾರನ ಮಗಳನ್ನ, ಅಳಿಯನ್ನ ಕೇಳಿ ರಿಮೋಟಿನ ಸೂರ್ಯ ಯಾವುದು, ಜಾಲರಿ ಹೆಂಗ ತಗಿಯೋದು, ಬ್ರೇಕರ್ ಎಲ್ಲೈತಿ, ವಿಷಗಾಳಿ ಬಂದ್ರ ಕೂಗೋ ಅಲಾರ್ಮ್ ಮನ್ಯಾಗ ಐತೇನ ಅಂತ ನೋಡಿಕೊಳ್ರಿ. ರಿಪೇರಿಯವರ ನಂಬರು ಫ್ರಿಜ್ಜಿನ ಬಾಗಲಕ್ಕ ಕನ್ನಡದಾಗ ಬರದು ಅಂಟಸ್ರಿ. ನಿಮಗ ಬ್ಯಾರೆ ಏನರೆ ಗೊತ್ತಿದ್ರ ನನಗೂ ತಿಳಸ್ರಿ, ಮುಂದ ಹೋಗಾವ್ರಿಗೆ ಹೇಳತೀನಿ.