ಹೃದ್ರೋಗಿಗಳಿಗೆ ಮನೆಯಲ್ಲಿಯೇ ಪುನಶ್ಚೇತನ ಚಿಕಿತ್ಸೆ: ಸಾರ್ವಜನಿಕರಿಗೆ ಮಾಹಿತಿ

ಹೃದಯಾಘಾತ, ಆಂಜಿಯೋಪ್ಲಾಸ್ಟಿ ಅಥವಾ ಬೈಪಾಸ್ ಶಸ್ತ್ರಚಿಕಿತ್ಸೆಯ ನಂತರ ರೋಗಿಯು ಆಸ್ಪತ್ರೆಯಿಂದ ಬಿಡುಗಡೆಯಾದ ಮಾತ್ರಕ್ಕೆ ಚಿಕಿತ್ಸೆಯು ಪೂರ್ಣಗೊಂಡಂತಾಗುವುದಿಲ್ಲ. ಕ್ರಮಬದ್ಧ ವ್ಯಾಯಾಮ, ಔಷಧಗಳ ನಿಯತ ಸೇವನೆ, ಪಥ್ಯಾಹಾರ, ತಂಬಾಕು ತ್ಯಾಗ, ರಕ್ತದೊತ್ತಡ ಹಾಗೂ ಮಧುಮೇಹದ ನಿಯಂತ್ರಣ ಮತ್ತು ಮನೋಸ್ಥೈರ್ಯ ಇವೆಲ್ಲವನ್ನೂ ಒಳಗೊಂಡ ಹೃದಯ ಪುನಶ್ಚೇತನ ಚಿಕಿತ್ಸೆಯು ಸಾಮಾನ್ಯವಾಗಿ 6ರಿಂದ 12 ವಾರಗಳ ಕಾಲ ನಡೆಯುತ್ತದೆ. ರೋಗಿಯು ಆಸ್ಪತ್ರೆಗೆ ಬರಲಾಗದ ಸಂದರ್ಭದಲ್ಲಿ ಇದನ್ನು ದೂರವಾಣಿ ಹಾಗೂ ವಿಡಿಯೊ ಮೂಲಕವೂ ನೀಡಬಹುದಾಗಿದೆ.

ಹಿನ್ನೆಲೆ

ಕೋವಿಡ್-19ರ ನಿಮಿತ್ತ ದಿನಾಂಕ 25-3-2020ರಿಂದ ದೇಶಾದ್ಯಂತ ಲಾಕ್‌ಡೌನ್ ಜಾರಿಗೆ ಬಂದಿತು. ವೈದ್ಯರು ದೂರದಿಂದಲೇ ಸಮಾಲೋಚನೆ ನಡೆಸುವ ಬಗ್ಗೆ ಕೇಂದ್ರದ ಟೆಲಿಮೆಡಿಸಿನ್ ಮಾರ್ಗಸೂಚಿಯೂ ಅದೇ ದಿನಾಂಕದ್ದಾಗಿದೆ. ಕರ್ನಾಟಕಕ್ಕೆ ಈ ಪದ್ಧತಿಯು ಹೊಸತೇನಲ್ಲ. 2000ರ ದಶಕದ ಆರಂಭದಲ್ಲಿಯೇ ಇಸ್ರೋ ಸಂಸ್ಥೆಯ ಉಪಗ್ರಹ ಸಂಪರ್ಕದ ಮೂಲಕ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯನ್ನು ಬೆಂಗಳೂರಿನ ನಾರಾಯಣ ಹೃದಯಾಲಯದೊಂದಿಗೆ ಜೋಡಿಸಲಾಗಿತ್ತು. ಸಾಂಕ್ರಾಮಿಕವು ಕಳೆದಿದ್ದರೂ, 2018ರಲ್ಲಿ ಕೊಡಗಿನಲ್ಲಿ ಉಂಟಾದ ಭೂಕುಸಿತ, 2019ರಲ್ಲಿ ಉತ್ತರ ಕರ್ನಾಟಕವನ್ನು ಬಾಧಿಸಿದ ನೆರೆ ಮುಂತಾದವುಗಳಿಂದ ಆಸ್ಪತ್ರೆಯ ದಾರಿಯೇ ಮುಚ್ಚುವ ಪ್ರಸಂಗಗಳು ಉಂಟು.

ಇಂತಹ ಸಂದರ್ಭದಲ್ಲಿ ಅತಿ ದೊಡ್ಡ ಅಪಾಯವಿರುವುದು ವ್ಯಾಯಾಮ ತಪ್ಪುವುದರಲ್ಲಲ್ಲ, ಮಾತ್ರೆ ತಪ್ಪುವುದರಲ್ಲಿ. ಸ್ಟೆಂಟ್ ಅಳವಡಿಸಿಕೊಂಡವರು ಆಸ್ಪಿರಿನ್, ಕ್ಲೋಪಿಡೋಗ್ರೆಲ್ ಮುಂತಾದ ಮಾತ್ರೆಗಳನ್ನು ತಾವಾಗಿಯೇ ನಿಲ್ಲಿಸಿದಲ್ಲಿ ಸ್ಟೆಂಟ್‌ನೊಳಗೆ ರಕ್ತ ಹೆಪ್ಪುಗಟ್ಟಿ ಪುನಃ ಹೃದಯಾಘಾತವಾಗುವ ಸಂಭವವಿರುತ್ತದೆ. ಆದುದರಿಂದ ಮಾತ್ರೆಗಳು ಮುಗಿಯುವುದಕ್ಕೆ ಕನಿಷ್ಠ ಒಂದು ವಾರ ಮುಂಚಿತವಾಗಿ ವೈದ್ಯರನ್ನು ಸಂಪರ್ಕಿಸುವುದು ಅವಶ್ಯ.

ಯಾರು ಪಡೆಯಬಹುದು

ಚಿಕಿತ್ಸೆ ನೀಡಿದ ವೈದ್ಯರು ಪರೀಕ್ಷಿಸಿ, ಮನೆಯಲ್ಲಿ ವ್ಯಾಯಾಮ ಮಾಡಲು ಅನುಮತಿ ನೀಡಿದ ರೋಗಿಗಳಿಗೆ ಮಾತ್ರ ಈ ಕ್ರಮವು ಅನ್ವಯಿಸುತ್ತದೆ. ವಿಶ್ರಾಂತಿಯಲ್ಲಿದ್ದಾಗಲೂ ಎದೆನೋವು ಬರುವವರು, ರಕ್ತದೊತ್ತಡವು 180/110ಕ್ಕಿಂತ ಹೆಚ್ಚಿರುವವರು, ಹೃದಯ ಬಡಿತದ ಏರುಪೇರು ಹತೋಟಿಗೆ ಬಾರದವರು, ಹೃದಯದ ಕವಾಟವು ತೀವ್ರವಾಗಿ ಕಿರಿದಾಗಿರುವವರು ಮನೆಯಲ್ಲಿ ವ್ಯಾಯಾಮವನ್ನು ಆರಂಭಿಸತಕ್ಕದ್ದಲ್ಲ.

ಸಮಾಲೋಚನೆಗೆ ಮುನ್ನ ಆಸ್ಪತ್ರೆಯ ಬಿಡುಗಡೆ ಪತ್ರ, ಇಸಿಜಿ ಮತ್ತು ಎಕೋ ವರದಿಗಳು ಹಾಗೂ ಸೇವಿಸುತ್ತಿರುವ ಎಲ್ಲಾ ಮಾತ್ರೆಗಳ ಪಟ್ಟಿಯನ್ನು ಸಿದ್ಧವಾಗಿಟ್ಟುಕೊಳ್ಳಬೇಕು. ಹೆಸರು ಓದಲು ಕಷ್ಟವಾದಲ್ಲಿ ಮಾತ್ರೆಯ ಪಟ್ಟಿಯನ್ನೇ ವಿಡಿಯೊದಲ್ಲಿ ತೋರಿಸಬಹುದು.

ವ್ಯಾಯಾಮದ ಕ್ರಮ

ಪ್ರಾರಂಭದಲ್ಲಿ ಸಮತಟ್ಟಾದ ನೆಲದ ಮೇಲೆ ದಿನಕ್ಕೆ ಎರಡು ಬಾರಿ 5ರಿಂದ 10 ನಿಮಿಷಗಳ ನಡಿಗೆ ಸಾಕು. ವೈದ್ಯರ ಸಲಹೆಯಂತೆ ಇದನ್ನು ಕ್ರಮೇಣ 30 ನಿಮಿಷಗಳಿಗೆ ಹೆಚ್ಚಿಸಲಾಗುತ್ತದೆ. ಊಟವಾದ ಕೂಡಲೇ ಅಥವಾ ಉರಿಬಿಸಿಲಿನಲ್ಲಿ ನಡೆಯಬಾರದು. ಮೊದಲ ಹಾಗೂ ಕೊನೆಯ ಕೆಲವು ನಿಮಿಷಗಳಲ್ಲಿ ನಡಿಗೆಯು ನಿಧಾನವಾಗಿರಬೇಕು.

ನಾಡಿ ಬಡಿತವೊಂದನ್ನೇ ನಂಬುವುದು ಎಲ್ಲರಿಗೂ ಸರಿಹೊಂದದು. ಮೆಟೊಪ್ರೊಲಾಲ್‌ನಂತಹ ಮಾತ್ರೆಗಳನ್ನು ಸೇವಿಸುವವರಲ್ಲಿ ಶ್ರಮ ಹೆಚ್ಚಾದರೂ ನಾಡಿಯು ಅಷ್ಟಾಗಿ ಏರುವುದಿಲ್ಲ. ಅಂತಹವರಿಗೆ ಮಾತಿನ ಪರೀಕ್ಷೆಯು ಹೆಚ್ಚು ಉಪಯುಕ್ತ: ನಡೆಯುವಾಗ ಪೂರ್ಣ ವಾಕ್ಯವನ್ನು ತಡೆಯಿಲ್ಲದೆ ಆಡಲು ಸಾಧ್ಯವಿದ್ದರೆ ವೇಗವು ಸರಿಯಿದೆ, ಪ್ರತಿ ಎರಡು ಮಾತಿಗೊಮ್ಮೆ ಉಸಿರು ಎಳೆದುಕೊಳ್ಳಬೇಕಾದರೆ ವೇಗವು ಹೆಚ್ಚಾಗಿದೆ. ಬೈಪಾಸ್ ಆದವರು ಎದೆಮೂಳೆಯು ಕೂಡುವವರೆಗೆ ನೀರು ತುಂಬಿದ ಕೊಡ, ಗ್ಯಾಸ್ ಸಿಲಿಂಡರ್ ಮುಂತಾದ ಭಾರವನ್ನು ಎತ್ತಬಾರದು. ಎಷ್ಟು ವಾರಗಳೆಂಬುದನ್ನು ಶಸ್ತ್ರಚಿಕಿತ್ಸಕರು ತಿಳಿಸುತ್ತಾರೆ.

ಯೋಗಾಧಾರಿತ ಪುನಶ್ಚೇತನವನ್ನು ಕುರಿತು ಭಾರತದ 24 ಆಸ್ಪತ್ರೆಗಳಲ್ಲಿ 3,959 ಹೃದಯಾಘಾತ ರೋಗಿಗಳ ಮೇಲೆ ಅಧ್ಯಯನ ನಡೆದಿದ್ದು, ಫಲಿತಾಂಶವು 2020ರಲ್ಲಿ ಪ್ರಕಟವಾಯಿತು. ಮರಣ, ಮರು ಹೃದಯಾಘಾತ ಮುಂತಾದ ಪ್ರಮುಖ ಘಟನೆಗಳಲ್ಲಿ ಗಣನೀಯ ವ್ಯತ್ಯಾಸ ಕಂಡುಬರಲಿಲ್ಲವಾದರೂ, ರೋಗಿಗಳು ತಮ್ಮ ಹಿಂದಿನ ದಿನಚರಿಗೆ ಮರಳಲು ಯೋಗವು ನೆರವಾಯಿತು. ಯೋಗವು ಮಾತ್ರೆಗಳಿಗೆ ಬದಲಿಯಲ್ಲ ಎಂಬುದನ್ನು ಗಮನಿಸಬೇಕು.

ರಕ್ತದೊತ್ತಡ, ತೂಕ ಮತ್ತು ನಡೆದ ನಿಮಿಷಗಳನ್ನು ಪ್ರತಿದಿನ ಪುಸ್ತಕದಲ್ಲಿ ಬರೆದಿಡಬೇಕು. ದೂರದಲ್ಲಿರುವ ವೈದ್ಯರಿಗೆ ಈ ಬರಹವೇ ಆಧಾರ. ಮೂರು ದಿನಗಳಲ್ಲಿ 2 ಕಿಲೋಗ್ರಾಂ ತೂಕ ಹೆಚ್ಚಿದರೆ ಅಥವಾ ಕಾಲು ಊದಿಕೊಂಡರೆ ಅದೇ ದಿನ ತಿಳಿಸಬೇಕು. ಉಪ್ಪು ದಿನಕ್ಕೆ 5 ಗ್ರಾಂ ಮೀರಬಾರದು. ಉಪ್ಪಿನಕಾಯಿ, ಹಪ್ಪಳ, ಸಂಡಿಗೆಗಳಲ್ಲಿರುವ ಉಪ್ಪೂ ಈ ಲೆಕ್ಕಕ್ಕೆ ಸೇರುತ್ತದೆ.

ಸೇವೆ ಪಡೆಯುವ ವಿಧಾನ

2020ರ ಏಪ್ರಿಲ್‌ನಲ್ಲಿ ಪ್ರಾರಂಭವಾದ ಇ-ಸಂಜೀವಿನಿ ಹೊರರೋಗಿ ಸೇವೆಯಲ್ಲಿ ಮೊಬೈಲ್ ಸಂಖ್ಯೆಯನ್ನು ನೋಂದಾಯಿಸಿ ವೈದ್ಯರೊಡನೆ ಉಚಿತವಾಗಿ ಸಮಾಲೋಚಿಸಬಹುದು ಹಾಗೂ ಔಷಧ ಚೀಟಿಯನ್ನು ಪಡೆಯಬಹುದು. ಸ್ಮಾರ್ಟ್‌ಫೋನ್ ಇಲ್ಲದವರು ಸಮೀಪದ ಆಯುಷ್ಮಾನ್ ಆರೋಗ್ಯ ಮಂದಿರದ ಸಮುದಾಯ ಆರೋಗ್ಯಾಧಿಕಾರಿಯ ಮೂಲಕ ವೈದ್ಯರನ್ನು ಸಂಪರ್ಕಿಸಬಹುದು. ಆದರೆ ವ್ಯಾಯಾಮದ ಪ್ರಮಾಣವನ್ನು ಚಿಕಿತ್ಸೆ ನೀಡಿದ ಆಸ್ಪತ್ರೆಯಿಂದಲೇ ನಿಗದಿಪಡಿಸಿಕೊಳ್ಳುವುದು ಸೂಕ್ತ.

ಹೃದಯಾಘಾತದ ನಂತರ ಭಯ, ನಿದ್ರಾಹೀನತೆ, ಖಿನ್ನತೆ ಸಾಮಾನ್ಯ. ಮನೆಯವರು ಇದನ್ನು ಆಲಸ್ಯವೆಂದು ಭಾವಿಸುವುದುಂಟು. ಟೆಲಿ-ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲಿಯೂ ಆಪ್ತಸಲಹೆ ದೊರೆಯುತ್ತದೆ. ಬೀಡಿ, ಸಿಗರೇಟು, ಗುಟ್ಕಾ ತ್ಯಜಿಸಲು ಇಚ್ಛಿಸುವವರು 1800-11-2356 ಸಂಖ್ಯೆಗೆ ಉಚಿತವಾಗಿ ಕರೆ ಮಾಡಬಹುದು.

ತುರ್ತು ಸಂದರ್ಭ

ಎದೆನೋವು, ಉಬ್ಬಸ, ತಣ್ಣನೆಯ ಬೆವರು ಅಥವಾ ತಲೆಸುತ್ತು ಕಾಣಿಸಿದಲ್ಲಿ ನಡಿಗೆಯನ್ನು ತಕ್ಷಣ ನಿಲ್ಲಿಸಿ ಕುಳಿತುಕೊಳ್ಳಬೇಕು. ಎದೆನೋವಿಗೆ ವೈದ್ಯರು ಮೊದಲೇ ಸೂಚಿಸಿದ್ದಲ್ಲಿ ಮಾತ್ರ ಸಾರ್ಬಿಟ್ರೇಟ್ ಮಾತ್ರೆಯನ್ನು ನಾಲಿಗೆಯ ಕೆಳಗೆ ಇಟ್ಟುಕೊಳ್ಳಬೇಕು. 5 ನಿಮಿಷಗಳಲ್ಲಿ ಶಮನವಾಗದಿದ್ದಲ್ಲಿ 108ಕ್ಕೆ ಕರೆ ಮಾಡಿ ಆಂಬುಲೆನ್ಸ್ ತರಿಸಿಕೊಳ್ಳಬೇಕು. ವಿಡಿಯೊ ಸಮಾಲೋಚನೆಯ ಸರದಿಗಾಗಿ ಕಾಯತಕ್ಕದ್ದಲ್ಲ.