ಸ್ಟೀರಿಯೊ ಕಂಪ್ರೆಸರ್ ಮತ್ತು ಈಕ್ವಲೈಸರ್: ಬೆಳೆದ ಬಗೆ, ಆರಿಸುವ ಬಗೆ

ಹಾಡಿನ ಮಿಕ್ಸಿಂಗ್‌ನಲ್ಲಿ ಹತ್ತಾರು ಟ್ರ್ಯಾಕ್‌ಗಳು ಕೊನೆಗೆ ಎಡ, ಬಲ ಎಂಬ ಎರಡು ಚಾನೆಲ್‌ಗಳಿಗೆ ಬಂದು ಸೇರುತ್ತವೆ. ಆ ಎರಡು ಚಾನೆಲ್‌ಗಳ ದಾರಿಯಲ್ಲಿ ಕೂರುವ ಯಂತ್ರಗಳಲ್ಲಿ ಕಂಪ್ರೆಸರ್ ಸದ್ದಿನ ಏರಿಳಿತವನ್ನು ಹಿಡಿತಕ್ಕೆ ತರುತ್ತದೆ. ಈಕ್ವಲೈಸರ್ ಬೇಸ್, ಮಧ್ಯ, ಟ್ರೆಬಲ್‌ಗಳ ಪಾಲನ್ನು ತಿದ್ದುತ್ತದೆ. ಎರಡೂ ಸಂಗೀತದ ಅಂದಕ್ಕಾಗಿ ಹುಟ್ಟಿದವಲ್ಲ. ಮೊದಲನೆಯದು ರೇಡಿಯೊ ಟ್ರಾನ್ಸ್‌ಮಿಟರ್ ಮಿತಿ ಮೀರದಂತೆ ಕಾಯಲು ಬಂದದ್ದು. ಎರಡನೆಯದು ದೂರದ ಟೆಲಿಫೋನ್ ತಂತಿಯಲ್ಲಿ ಸೊರಗಿದ ಧ್ವನಿಯನ್ನು ಸರಿದೂಗಿಸಲು ಬಂದದ್ದು. ಕಾವಲಿಗಿಟ್ಟ ಯಂತ್ರ ಅಲಂಕಾರದ ಯಂತ್ರವಾದದ್ದೇ ಈ ಕ್ಷೇತ್ರದ ಚರಿತ್ರೆ. ಇಂದು ಕೊಳ್ಳಲು ಹೊರಟವರ ಗೊಂದಲಕ್ಕೂ ಅದೇ ಮೂಲ.

ಅಮೆರಿಕದ ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿ 1937ರಲ್ಲಿ 110 ಎಂಬ ಪ್ರಸಾರ ಲಿಮಿಟರನ್ನು, ಅಂದರೆ ಸದ್ದು ಮಿತಿ ಮೀರದಂತೆ ತಡೆಯುವ ಕಂಪ್ರೆಸರನ್ನು, ಹೊರತಂದಿತು. ಅದಕ್ಕೂ ಮೊದಲು ನಿಲಯದ ಆಪರೇಟರ್ ಮೀಟರಿನ ಮುಳ್ಳನ್ನೇ ನೋಡುತ್ತ, ಗಾಯಕ ಏರುಸ್ವರ ಹಿಡಿದಾಗಲೆಲ್ಲ ಕೈಯಿಂದ ವಾಲ್ಯೂಮ್ ತಗ್ಗಿಸಬೇಕಿತ್ತು. ಮೈಸೂರಿನಲ್ಲಿ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಿಂದ ಆಕಾಶವಾಣಿಯನ್ನು ಆರಂಭಿಸಿದ್ದು 1935ರಲ್ಲಿ, ಎಂದರೆ ಆ ಲಿಮಿಟರಿಗೂ ಎರಡು ವರ್ಷ ಹಿಂದೆ.

1950ರ ದಶಕದ ಕೊನೆಗೆ ಬಂದ ಫೇರ್‌ಚೈಲ್ಡ್ 670 ಸ್ಟೀರಿಯೊ ಕಾಲದ ಕಂಪ್ರೆಸರ್‌ಗಳಲ್ಲಿ ಮೊದಲ ದೊಡ್ಡ ಹೆಸರು. ಇಪ್ಪತ್ತು ವಾಲ್ವ್, ಸುಮಾರು 29 ಕಿಲೊ ತೂಕ. ರೈನ್ ನಾರ್ಮ ರೂಪಿಸಿದ ಈ ಯಂತ್ರ ಗ್ರಾಮಫೋನ್ ತಟ್ಟೆ ಕೊರೆಯುವವರಿಗೆಂದು ಬಂದದ್ದು. ತಟ್ಟೆಯ ಗೀರಿನಲ್ಲಿ ಸೂಜಿಯ ಅಡ್ಡ ಚಲನೆ ಎರಡೂ ಬದಿಗೆ ಸಮಾನವಾದ ಸದ್ದನ್ನು ಹೊತ್ತರೆ, ಮೇಲೆ-ಕೆಳಗಿನ ಚಲನೆ ಎಡ-ಬಲಗಳ ವ್ಯತ್ಯಾಸವನ್ನು ಹೊರುತ್ತದೆ. ವ್ಯತ್ಯಾಸ ಹೆಚ್ಚಾದರೆ ಸೂಜಿ ಗೀರು ಬಿಟ್ಟು ಜಿಗಿಯುತ್ತದೆ. ಹಾಗಾಗದಿರಲು ಇವೆರಡನ್ನೂ ಬೇರೆಬೇರೆಯಾಗಿ ಅದುಮುವ ಸೌಲಭ್ಯ 670ರಲ್ಲಿತ್ತು. ಈಗ 'ಮಿಡ್-ಸೈಡ್' ಎಂದು ಜಾಹೀರಾತುಗಳಲ್ಲಿ ಮೆರೆಯುವ ಗುಂಡಿಯ ಪೂರ್ವಜ ಇದೇ.

ಅದರ ಬೆನ್ನಿಗೇ ಬೇರೆ ಬೇರೆ ತತ್ತ್ವದ ಕಂಪ್ರೆಸರ್‌ಗಳು ಬಂದವು. ಜಿಮ್ ಲಾರೆನ್ಸ್ 1960ರ ದಶಕದಲ್ಲಿ ಮಾಡಿದ ಎಲ್‌ಎ-2ಎ ಯಂತ್ರದೊಳಗೆ ಬೆಳಕು ಚೆಲ್ಲುವ ಒಂದು ಫಲಕ, ಅದರೆದುರಿಗೆ ಬೆಳಕು ಬಿದ್ದಂತೆ ಪ್ರತಿರೋಧ ಬದಲಿಸುವ ಒಂದು ಕೋಶ ಇದೆ. ಒಳಬರುವ ಸದ್ದು ಏರಿದರೆ ಬೆಳಕು ಏರುತ್ತದೆ, ಆಗ ಹೊರಹೋಗುವ ಸದ್ದು ತಗ್ಗುತ್ತದೆ. ಆ ಕೋಶ ಅರ್ಧ ದಾರಿಯನ್ನು ಬೇಗ ಮರಳಿ, ಉಳಿದ ಅರ್ಧಕ್ಕೆ ಸೆಕೆಂಡುಗಟ್ಟಲೆ ತೆಗೆದುಕೊಳ್ಳುವುದರಿಂದ ಹಾಡುವ ಕಂಠಕ್ಕೆ ಅದು ಹಿತ. ಬಿಲ್ ಪಟ್ನಮ್ 1967ರ ಸುಮಾರಿಗೆ ತಂದ 1176 ಇದಕ್ಕೆ ತದ್ವಿರುದ್ಧ: ಟ್ರಾನ್ಸಿಸ್ಟರ್ ಬಳಸಿ ಸೆಕೆಂಡಿನ ಲಕ್ಷದ ಎರಡು ಭಾಗದಲ್ಲೇ ಸದ್ದನ್ನು ಹಿಡಿಯಬಲ್ಲದು. ಡೇವಿಡ್ ಬ್ಲ್ಯಾಕ್‌ಮರ್ 1971ರಲ್ಲಿ ಕಟ್ಟಿದ ಡಿಬಿಎಕ್ಸ್ ಕಂಪನಿ ವಿದ್ಯುತ್ ಒತ್ತಡದಿಂದ ಹತೋಟಿಗೆ ಬರುವ ವಿಸಿಎ ಮಂಡಲವನ್ನು ಬಳಕೆಗೆ ತಂದಿತು. ಅದು ಚಿಕ್ಕದು, ಲೆಕ್ಕಕ್ಕೆ ಸಿಗುವಂಥದು. ಎರಡು ಚಾನೆಲ್‌ಗಳನ್ನು ಒಂದೇ ಅಳತೆಯಲ್ಲಿ ನಡೆಸಲು ಇದಕ್ಕಿಂತ ಅನುಕೂಲದ ಉಪಾಯ ಇರಲಿಲ್ಲ. ಹಾಗಾಗಿಯೇ 1970ರ ದಶಕದ ಕೊನೆಯಲ್ಲಿ ಇಂಗ್ಲೆಂಡಿನ ಎಸ್‌ಎಸ್‌ಎಲ್ ಕಂಪನಿ ತನ್ನ 4000 ಸರಣಿಯ ಕನ್ಸೋಲಿನ ನಡುಭಾಗದಲ್ಲೇ ಒಂದು ವಿಸಿಎ ಸ್ಟೀರಿಯೊ ಕಂಪ್ರೆಸರನ್ನು ಕೂರಿಸಿತು. ಮಿಕ್ಸ್ ಪೂರ್ತಿಯನ್ನು ಒಂದು ಹದಕ್ಕೆ ತರುವ ಯಂತ್ರವೆಂದರೆ ಇದು ಎಂಬ ಮಾತು ಅಲ್ಲಿಂದ ನೆಲೆಯಾಯಿತು. ಇಂದಿನ ಬಹುತೇಕ 'ಬಸ್ ಕಂಪ್ರೆಸರ್'ಗಳು ಅದರ ಮರಿಗಳೇ.

ಈಕ್ವಲೈಸರಿನ ದಾರಿ ಇಷ್ಟು ಗದ್ದಲದ್ದಲ್ಲ. 1951ರ ಪಲ್ಟೆಕ್ ಇಕ್ಯೂಪಿ-1ರಲ್ಲಿ ತಿದ್ದುವ ಕೆಲಸವೆಲ್ಲ ಕಾಯಿಲ್, ಕೆಪಾಸಿಟರ್‌ಗಳದು. ಅಲ್ಲಿ ಕಳೆದ ಮಟ್ಟವನ್ನು ವಾಲ್ವ್ ಆಂಪ್ಲಿಫೈಯರ್ ತುಂಬಿಕೊಡುತ್ತದೆ. ಬೇಸನ್ನು ಏರಿಸುವ, ಇಳಿಸುವ ನಾಬ್‌ಗಳು ಬೇರೆಬೇರೆಯಾಗಿರುವುದರಿಂದ ಎರಡನ್ನೂ ಒಟ್ಟಿಗೆ ತಿರುಗಿಸಬಹುದು. ಆಗ ತಳ ಉಬ್ಬಿ, ಅದರ ಮೇಲಿನ ಮಂಕು ಭಾಗ ತಗ್ಗುತ್ತದೆ. 1952ರಲ್ಲಿ ಪೀಟರ್ ಬ್ಯಾಕ್ಸಂಡಾಲ್ ಪ್ರಕಟಿಸಿದ ಮಂಡಲ ಮನೆಮನೆಯ ಆಂಪ್ಲಿಫೈಯರಿನ ಬೇಸ್-ಟ್ರೆಬಲ್ ಗುಂಡಿಯಾಯಿತು. ಆ ಅಗಲವಾದ, ಮೆಲ್ಲಗೆ ಏರುವ ಇಳಿಜಾರು ಈಗ ದುಬಾರಿ ಮಾಸ್ಟರಿಂಗ್ ಯಂತ್ರಗಳಲ್ಲೂ ಇದೆ. 1972ರಲ್ಲಿ ಜಾರ್ಜ್ ಮ್ಯಾಸನ್‌ಬರ್ಗ್ ಮಂಡಿಸಿದ ಪ್ಯಾರಾಮೆಟ್ರಿಕ್ ವಿನ್ಯಾಸದಲ್ಲಿ ಯಾವ ಆವರ್ತನ, ಎಷ್ಟು ಅಗಲ, ಎಷ್ಟು ಪ್ರಮಾಣ ಎಂಬ ಮೂರನ್ನೂ ಒಂದಕ್ಕೊಂದು ತಾಗದಂತೆ ಬದಲಿಸುವುದು ಸಾಧ್ಯವಾಯಿತು. ಅಲ್ಲಿಂದಾಚೆಗೆ ಬಂದವೆಲ್ಲ ಬಹುಮಟ್ಟಿಗೆ ಇವುಗಳ ಪರಿಷ್ಕರಣೆ.

ಕರ್ನಾಟಕಕ್ಕೆ ಈ ಯಂತ್ರಗಳು ತಡವಾಗಿ, ಬಳಸುದಾರಿಯಲ್ಲಿ ಬಂದವು. ದಶಕಗಳ ಕಾಲ ಕನ್ನಡ ಚಿತ್ರಗೀತೆಗಳ ಧ್ವನಿಮುದ್ರಣ ಬಹುಪಾಲು ಮದ್ರಾಸಿನಲ್ಲೇ ನಡೆಯಿತು. 1978ರಲ್ಲಿ ಕೆ.ಎಸ್. ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ 'ನಿತ್ಯೋತ್ಸವ' ಕ್ಯಾಸೆಟ್ ಬಂದ ಮೇಲೆ ಭಾವಗೀತೆಗೆ ಸ್ವಂತ ಮಾರುಕಟ್ಟೆ ಕುದುರಿತು. 1980ರ ದಶಕದಲ್ಲಿ ಶಂಕರ್‌ನಾಗ್ ಬೆಂಗಳೂರಿನಲ್ಲಿ ಸಂಕೇತ್ ಎಲೆಕ್ಟ್ರಾನಿಕ್ಸ್ ಸ್ಟುಡಿಯೊ ಕಟ್ಟಿದ ಮೇಲೆ ಮದ್ರಾಸಿನ ರೈಲು ಹತ್ತುವ ಅನಿವಾರ್ಯತೆ ಕಡಿಮೆಯಾಗತೊಡಗಿತು. 1987ರ 'ಪ್ರೇಮಲೋಕ' ಚಿತ್ರದ ಹಾಡುಗಳನ್ನು ಲಹರಿ ಸಂಸ್ಥೆ ಮನೆಮನೆಗೆ ಮುಟ್ಟಿಸಿದ್ದೂ ಕ್ಯಾಸೆಟ್‌ಗಳಲ್ಲೇ. ಕ್ಯಾಸೆಟ್ಟಿನ ಪಟ್ಟಿ ಕಿರಿದು, ಹಿನ್ನೆಲೆಯ ಸುಯ್ಯೆನ್ನುವ ಸದ್ದು ಜೋರು. ಮೆಲುದನಿ ಅದರಡಿ ಹೂತುಹೋಗದಂತೆ, ಏರುದನಿ ಒಡೆಯದಂತೆ ಅದುಮಿಡಲೇಬೇಕಿತ್ತು. ಮಾತು ಕೇಳಿಸಬೇಕು, ಸಾಹಿತ್ಯ ಅರ್ಥವಾಗಬೇಕು ಎಂಬ ಕನ್ನಡ ಮಿಕ್ಸಿನ ರೂಢಿ ಇಂಥ ಇಕ್ಕಟ್ಟಿನಲ್ಲೂ ಗಟ್ಟಿಯಾಯಿತು.

ಈಗ ಕಂಪ್ಯೂಟರ್, ಒಂದು ಇಂಟರ್‌ಫೇಸ್, ಎರಡು ಮೈಕ್ ಇದ್ದರೆ ಮಧುಗಿರಿ ತಾಲೂಕಿನ ಪುರವರ ಹೋಬಳಿಯ ಕೋಣೆಯೊಂದರಲ್ಲೂ ಧ್ವನಿಮುದ್ರಣ ಸಾಧ್ಯ. ಕಂಪ್ರೆಸರ್, ಈಕ್ವಲೈಸರುಗಳೂ ಸಾಫ್ಟ್‌ವೇರಿನಲ್ಲೇ ಸಿಗುತ್ತವೆ, ಅವು ಸಾಲದು ಎನ್ನುವ ಹಾಡುಗಳು ಕಡಿಮೆ. ಹೀಗಿದ್ದೂ ಕಬ್ಬಿಣದ ಪೆಟ್ಟಿಗೆ ಬೇಕೆನ್ನುವವರಿಗೆ ಮೂರು ಸಮರ್ಥನೆಗಳಿವೆ: ಟ್ರಾನ್ಸ್‌ಫಾರ್ಮರು, ವಾಲ್ವುಗಳು ಕೊಡುವ ಒಂದಿಷ್ಟು ಸಾಂದ್ರತೆ, ಕಣ್ಣು ಪರದೆಯಲ್ಲಿ ನೆಡದೆ ಕಿವಿಯಿಂದ ಕೆಲಸ ಮಾಡುವ ಅನುಕೂಲ, ಬೇಗ ನಿರ್ಧಾರಕ್ಕೆ ಬರಬೇಕಾದ ಒತ್ತಾಯ. ಮೂರನೆಯದರ ಬೆಲೆ ಕೊಂಡ ಮೇಲಷ್ಟೇ ತಿಳಿಯುತ್ತದೆ.

ಆಯ್ಕೆಯನ್ನು ಯಂತ್ರದ ಕೀರ್ತಿಯಿಂದಲ್ಲ, ಒಳಬರುವ ಸದ್ದಿನಿಂದ ಶುರುಮಾಡಬೇಕು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಸೀಮೆಯ ವಾದ್ಯಗಳೇ ಇದಕ್ಕೆ ಒಳ್ಳೆಯ ಪರೀಕ್ಷೆ. ಜಾತ್ರೆಯ ತಮಟೆಯನ್ನು ಬೆಂಕಿಗೆ ಹಿಡಿದು ಕಾಯಿಸಿದ ಮೇಲೆ ಅದರ ಪೆಟ್ಟು ಚುರುಕಾಗಿ ಎದ್ದು ತಟ್ಟನೆ ಸಾಯುತ್ತದೆ. ಉರುಮೆಯ ಉಜ್ಜು ನಾದ ಹಾಗಲ್ಲ, ತಳದಲ್ಲಿ ಎಳೆದುಕೊಂಡು ಹೋಗುತ್ತದೆ. ಕಾಡುಗೊಲ್ಲರು ಜುಂಜಪ್ಪನ ಕಾವ್ಯ ಹಾಡುವಾಗ ನುಡಿಸುವ ಗಣೆ ಉದ್ದನೆಯ ಬಿದಿರಿನದು. ಅದರಲ್ಲಿ ಸ್ವರದಷ್ಟೇ ಉಸಿರೂ ಕೇಳಿಸುತ್ತದೆ. ಎಸ್‌ಎಸ್‌ಎಲ್ ಮಾದರಿಯ ಕಂಪ್ರೆಸರಿನಲ್ಲಿ ಅಟ್ಯಾಕ್, ಅಂದರೆ ಸದ್ದು ಏರಿದ ಮೇಲೆ ಅದನ್ನು ಅದುಮಲು ಯಂತ್ರ ತೆಗೆದುಕೊಳ್ಳುವ ಕಾಲ, 0.1ರಿಂದ 30 ಮಿಲಿಸೆಕೆಂಡಿನವರೆಗೆ ಆರು ಹಂತ. ತಮಟೆ ಇರುವ ಮಿಕ್ಸಿಗೆ 0.1 ಇಟ್ಟರೆ ಕೋಲಿನ ಏಟೇ ಮಾಯವಾಗಿ ರಟ್ಟು ಬಡಿದಂತಾಗುತ್ತದೆ. 30ಕ್ಕೆ ತಂದರೆ ಏಟು ಪೂರ್ತಿ ಹಾದುಹೋದ ಮೇಲೆ ಯಂತ್ರ ಹಿಡಿಯುತ್ತದೆ. ರಿಲೀಸಿನ, ಅಂದರೆ ಅದುಮಿದ್ದನ್ನು ಬಿಟ್ಟು ಮೊದಲಿನ ಮಟ್ಟಕ್ಕೆ ಮರಳುವ ಕಾಲದ, ಲೆಕ್ಕವೂ ಹೀಗೇ: ನಿಮಿಷಕ್ಕೆ 120 ಪೆಟ್ಟಿನ ಲಯದಲ್ಲಿ ಪೆಟ್ಟಿಗೂ ಪೆಟ್ಟಿಗೂ ನಡುವೆ ಅರ್ಧ ಸೆಕೆಂಡು. 0.3 ಸೆಕೆಂಡಿನ ರಿಲೀಸ್ ಮುಂದಿನ ಪೆಟ್ಟಿನೊಳಗೆ ಬಹುಮಟ್ಟಿಗೆ ಚೇತರಿಸಿಕೊಳ್ಳುತ್ತದೆ, 1.2 ಸೆಕೆಂಡಿನದು ಚೇತರಿಸಿಕೊಳ್ಳುವುದೇ ಇಲ್ಲ. ಆದರೆ ಗಣೆಯ ಹಾಡಿಗೆ ವೇಗದ ರಿಲೀಸ್ ಕೊಟ್ಟರೆ ಸ್ವರ ನಿಂತ ಕೂಡಲೇ ಹಿನ್ನೆಲೆ ಮೇಲೆದ್ದು, ಉಸಿರು ಸ್ವರಕ್ಕಿಂತ ದೊಡ್ಡದಾಗಿ ಕೇಳುತ್ತದೆ. ಇಲ್ಲಿ ನಿಧಾನದ ರಿಲೀಸೇ ಲೇಸು. ವಾಲ್ವಿನ ಅಥವಾ ಬೆಳಕಿನ ಕೋಶದ ಕಂಪ್ರೆಸರಿಗೆ ಹಣ ಹಾಕುವುದು ಸಾರ್ಥಕವಾಗುವುದೂ ಇಂಥಲ್ಲೇ.

ಎರಡೂ ಬಗೆಯ ಕೆಲಸ ಬರುವ ಸ್ಟುಡಿಯೊ ಒಂದನ್ನೇ ಕೊಳ್ಳುವುದಾದರೆ ವಿಸಿಎ ಯಂತ್ರ ಮೇಲು. ಆದರೆ ಅದರ ಸೈಡ್‌ಚೈನಿನಲ್ಲಿ, ಅಂದರೆ ಎಷ್ಟು ಅದುಮಬೇಕೆಂದು ಅಳೆಯುವ ದಾರಿಯಲ್ಲಿ, ಬೇಸನ್ನು ತಡೆಯುವ ಫಿಲ್ಟರ್ ಇರಲೇಬೇಕು. ಇಲ್ಲದಿದ್ದರೆ ಉರುಮೆ ಉಜ್ಜಿದಾಗಲೆಲ್ಲ ಗಾಯಕನ ದನಿ ಕುಗ್ಗುತ್ತದೆ. ಎರಡನೆಯ ಷರತ್ತು ಸ್ಟೀರಿಯೊ ಲಿಂಕ್. ಎಡ-ಬಲಗಳು ತಮ್ಮ ಪಾಡಿಗೆ ತಾವು ಅದುಮಿಕೊಂಡರೆ ನಡುವಿನಲ್ಲಿರಬೇಕಾದ ಕಂಠ ಒಮ್ಮೆ ಅತ್ತ, ಒಮ್ಮೆ ಇತ್ತ ವಾಲುತ್ತದೆ. ಅಗ್ಗವೆಂದು ಹಳೆಯ ಮೊನೊ ಪೆಟ್ಟಿಗೆಗಳನ್ನು ಒಂದೊಂದಾಗಿ ಕೊಂಡು ಜೋಡಿ ಮಾಡುವುದು ಕೊನೆಗೆ ಅಗ್ಗವಾಗುವುದಿಲ್ಲ. ಮಿಕ್ಸಿನ ಮೇಲೆ ಒಂದರಿಂದ ಮೂರು ಡೆಸಿಬೆಲ್ ಅದುಮುವುದು ವಾಡಿಕೆ. ಆರೆಂಟು ಡೆಸಿಬೆಲ್ ಬೇಕೆನಿಸಿದರೆ ದೋಷ ಬೇರೆ ಯಾವುದೋ ಟ್ರ್ಯಾಕ್‌ನಲ್ಲಿರುತ್ತದೆ.

ಈಕ್ವಲೈಸರಿನ ಆಯ್ಕೆಯಲ್ಲಿ ಬ್ಯಾಂಡುಗಳ ಸಂಖ್ಯೆಗಿಂತ ಎರಡು ಬದಿಯ ಹೊಂದಿಕೆ ಮುಖ್ಯ. ನುಣ್ಣಗೆ ತಿರುಗುವ ನಾಬಿನಲ್ಲಿ ಎಡ-ಬಲಗಳ ನಡುವೆ ಒಂದು ಡೆಸಿಬೆಲ್ ಹೆಚ್ಚುಕಮ್ಮಿಯಾದರೂ ಕಿವಿಗೆ ತಿಳಿಯುತ್ತದೆ. ಅರ್ಧ ಡೆಸಿಬೆಲ್‌ನಂತೆ ಹೆಜ್ಜೆಹೆಜ್ಜೆಗೆ ಟಿಕ್ಕೆಂದು ನಿಲ್ಲುವ ಸ್ವಿಚ್ಚಿನಲ್ಲಿ ಆ ತೊಂದರೆ ಇಲ್ಲ, ಮುಂದೆ ಅದೇ ಹಾಡು ತಿದ್ದುಪಡಿಗೆ ಬಂದರೆ ಹಳೆಯ ಸ್ಥಾನಗಳಿಗೆ ಮರಳುವುದೂ ಸುಲಭ. ಪೂರ್ತಿ ಮಿಕ್ಸಿಗೆ ಬ್ಯಾಕ್ಸಂಡಾಲ್ ಬಗೆಯ ಅಗಲ ಇಳಿಜಾರೇ ಸಾಕು. ಕಿರಿದಾದ ಬ್ಯಾಂಡಿನ ಕೊರೆತವನ್ನು ಸಾಫ್ಟ್‌ವೇರಿಗೆ ಬಿಡುವುದು ಜಾಣತನ. ಅಲ್ಲಿ ಅದು ಹೆಚ್ಚು ನಿಖರ, ಹೆಚ್ಚು ಅಗ್ಗ.

ಯಾವುದು ಮೊದಲು ಎಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ಬೇಸ್ ಏರಿಸಿ ಕಂಪ್ರೆಸರಿಗೆ ಕಳಿಸಿದರೆ ಆ ಬೇಸೇ ಕಂಪ್ರೆಸರನ್ನು ಕುಣಿಸುತ್ತದೆ. ಟ್ರೆಬಲ್ಲಿನ ಹೊಳಪನ್ನು ಕಂಪ್ರೆಸರಿನ ನಂತರ ಸೇರಿಸಿದರೆ ಹೊಳಪು ಉಳಿಯುತ್ತದೆ, ಆದರೆ ಸ, ಶ, ಚಗಳ ಚೂಪು 5ರಿಂದ 8 ಕಿಲೊಹರ್ಟ್ಸ್ ಆಸುಪಾಸಿನಲ್ಲಿ ತಡೆಯಿಲ್ಲದೆ ಹೊರಬರುತ್ತದೆ. ಸಾಹಿತ್ಯವೇ ಮುಂದಿರುವ ಭಾವಗೀತೆಯಲ್ಲಿ ಇದು ಬೇಗ ಬಯಲಾಗುತ್ತದೆ. ಹಾಗಾಗಿ ಎರಡರ ಸರದಿಯನ್ನು ಒಂದು ಸ್ವಿಚ್ಚಿನಿಂದ ಅದಲುಬದಲು ಮಾಡುವ ಅನುಕೂಲವಿದ್ದರೆ ಅದಕ್ಕೆ ಕೊಟ್ಟ ಹಣ ವ್ಯರ್ಥವಲ್ಲ. ಸದ್ದನ್ನು ಯಂತ್ರದೊಳಗೆ ಹಾಯಿಸದೆ ನೇರ ಕಳಿಸುವ ಬೈಪಾಸ್ ಗುಂಡಿಯೂ ಬೇಕು. ಆದರೆ ಹೋಲಿಸುವ ಮುನ್ನ ಎರಡೂ ಸ್ಥಿತಿಯ ವಾಲ್ಯೂಮನ್ನು ಸಮ ಮಾಡಿಕೊಳ್ಳಬೇಕು, ಏಕೆಂದರೆ ಜೋರಾಗಿರುವುದೇ ಚೆನ್ನಾಗಿದೆ ಎಂದು ಕಿವಿ ಸುಲಭವಾಗಿ ಮೋಸಹೋಗುತ್ತದೆ. ಜೋರಿಗಾಗಿಯೇ ಅದುಮುವ ಹಳೆಯ ಪೈಪೋಟಿಗೂ ಈಗ ಅರ್ಥ ಕಡಿಮೆ: ಸ್ಪಾಟಿಫೈ ಸಾಮಾನ್ಯವಾಗಿ ಹಾಡುಗಳನ್ನು ಮೈನಸ್ 14 ಎಲ್‌ಯುಎಫ್‌ಎಸ್ (ಕಿವಿಗೆ ಕೇಳುವ ಜೋರಿನ ಅಳತೆ) ಮಟ್ಟಕ್ಕೆ ತಂದೇ ನುಡಿಸುತ್ತದೆ.

ಪೆಟ್ಟಿಗೆಯ ಬೆಲೆಯೊಂದಿಗೆ ಲೆಕ್ಕ ಮುಗಿಯುವುದಿಲ್ಲ. ಕಂಪ್ಯೂಟರಿನಿಂದ ಹೊರಹೋಗಿ ಮರಳಿ ಬರಲು ಇಂಟರ್‌ಫೇಸಿನಲ್ಲಿ ಸ್ಪೀಕರಿಗೆ ಹೋಗುವ ಜೋಡಿಯಲ್ಲದೆ ಇನ್ನೂ ಎರಡು ಔಟ್‌ಪುಟ್, ಎರಡು ಲೈನ್ ಇನ್‌ಪುಟ್ ಬೇಕು. ಬ್ಯಾಲೆನ್ಸ್ಡ್ ಕೇಬಲ್ ಬೇಕು. ಅಮೆರಿಕದಿಂದ ತರಿಸಿದ ಯಂತ್ರ 115 ವೋಲ್ಟಿಗೆ ಹೊಂದಿಸಿದ್ದರೆ ಹಿಂಬದಿಯ ಸ್ವಿಚ್ಚನ್ನು 230ಕ್ಕೆ ಹಾಕದೆ ಪ್ಲಗ್ ಚುಚ್ಚಬಾರದು. ಸ್ವಿಚ್ಚೇ ಇಲ್ಲದಿದ್ದರೆ ಸ್ಟೆಪ್-ಡೌನ್ ಟ್ರಾನ್ಸ್‌ಫಾರ್ಮರ್ ಇಡಬೇಕು. ವೋಲ್ಟೇಜ್ ಏರಿಳಿಯುವ ಊರುಗಳಲ್ಲಿ ಸ್ಟೆಬಿಲೈಸರ್, ಸರಿಯಾದ ಅರ್ತಿಂಗ್ ಮೊದಲ ಖರ್ಚು. ಅರ್ತಿಂಗ್ ಕೆಟ್ಟಿದ್ದರೆ 50 ಹರ್ಟ್ಸಿನ ಗುಂಯ್ಗುಡುವಿಕೆ ಎಷ್ಟು ಒಳ್ಳೆಯ ಕಂಪ್ರೆಸರಿನ ಮೂಲಕವೂ ಹಾಡಿನೊಳಕ್ಕೆ ಬರುತ್ತದೆ, ಹಾಡು ಮೆಲ್ಲಗಾದ ಕಡೆ ಕಂಪ್ರೆಸರೇ ಅದನ್ನು ಎತ್ತಿ ಕೇಳಿಸುತ್ತದೆ.