ಗಡಸುಮರದ ಶಾಖ ಸಂಸ್ಕರಣೆ: ಇತಿಹಾಸ

ಬೀಚ್, ಆಶ್, ಓಕ್, ರಬ್ಬರ್ ಮುಂತಾದ ಅಗಲ ಎಲೆಯ ಮರಗಳ ನಾಟಾವನ್ನು ಗಾಳಿಯ ಆಮ್ಲಜನಕ ತಾಗದಂತೆ ಸುಮಾರು 160ರಿಂದ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿ, ಅದರ ಗುಣಗಳನ್ನು ಶಾಶ್ವತವಾಗಿ ಬದಲಿಸುವ ವಿಧಾನವೇ ಗಡಸುಮರದ ಶಾಖ ಸಂಸ್ಕರಣೆ. ಹೀಗೆ ಕಾಯಿಸಿದ ಹಲಗೆ ತೇವವನ್ನು ಕಡಿಮೆ ಹೀರುತ್ತದೆ, ಹಿಗ್ಗುವುದು ಕುಗ್ಗುವುದು ತಗ್ಗುತ್ತದೆ, ಬೇಗ ಕುಂಬಾಗುವುದಿಲ್ಲ, ಒಳತಿರುಳಿನವರೆಗೂ ಕಂದುಬಣ್ಣ ತಾಳುತ್ತದೆ. ಜೊತೆಗೆ ಪೆಡಸೂ ಆಗುತ್ತದೆ. ಹಸಿ ಹಲಗೆಯನ್ನು ಗೂಡಿನಲ್ಲಿ ಒಣಗಿಸುವುದು, ಕುರ್ಚಿಯ ಕಾಲು ಬಗ್ಗಿಸಲು ಹಬೆಯಲ್ಲಿ ಬೇಯಿಸುವುದು, ಮೇಲ್ಮೈಯನ್ನಷ್ಟೇ ಸುಡುವುದು, ಇವೆಲ್ಲ ಬೇರೆ ಬೇರೆ ಕೆಲಸಗಳು. ಹಳೆಯ ಬರಹಗಳು ಇವನ್ನು ಒಂದೇ ಗುಂಪಿಗೆ ಸೇರಿಸಿದ್ದರಿಂದ ಈ ವಿಷಯದ ಇತಿಹಾಸ ಬಹಳ ಕಾಲ ಗೋಜಲಾಗಿಯೇ ಉಳಿಯಿತು.

ಬೆಂಕಿ ಮರವನ್ನು ಗಟ್ಟಿ ಮಾಡುತ್ತದೆಯೇ?

ಮರದ ಮೊನೆಯನ್ನು ಬೆಂಕಿಯಲ್ಲಿ ಕಾಯಿಸಿದರೆ ಗಟ್ಟಿಯಾಗುತ್ತದೆಂಬ ನಂಬಿಕೆ ಪುರಾತನವಾದದ್ದು. ಹೋಮರನ ‘ಒಡಿಸ್ಸಿ’ಯಲ್ಲಿ ಒಕ್ಕಣ್ಣ ರಾಕ್ಷಸನನ್ನು ಕುರುಡಾಗಿಸುವ ಆಲಿವ್ ಮರದ ಗೂಟಕ್ಕೆ ಆಗುವುದೂ ಇದೇ ಸಂಸ್ಕಾರ. ರೋಮಿನ ವಾಸ್ತುಶಿಲ್ಪಿ ವಿಟ್ರೂವಿಯಸ್, ಜೌಗುನೆಲದ ಅಡಿಪಾಯಕ್ಕೆ ಸುಟ್ಟ ಆಲ್ಡರ್, ಆಲಿವ್ ಅಥವಾ ಓಕ್ ಮರದ ಗೂಟಗಳನ್ನು ಸೂಚಿಸಿದ. ಇಲ್ಲಿ ಬಯಸಿದ್ದು ಬಾಳಿಕೆಯನ್ನು. ಎರಡು ಉದ್ದೇಶಗಳನ್ನೂ ಕಲಸಿಬಿಟ್ಟ ಬರಹಗಾರರು ಆದಿಮಾನವನ ಈಟಿಗಳಿಗೂ ಅದೇ ವಿವರಣೆಯನ್ನು ಅಂಟಿಸಿದರು.

ಈ ಮಾತು ಸರಿಯಾಗಿ ಪರೀಕ್ಷೆಗೆ ಒಳಪಟ್ಟದ್ದು 2016ರಲ್ಲಿ. ಬ್ರಿಟನ್ನಿನ ರೋಲಂಡ್ ಎನ್ನೋಸ್ ಮತ್ತು ಸಹಲೇಖಕರು ಹೇಜಲ್ ಕೋಲುಗಳನ್ನು ಬೆಂಕಿಯಲ್ಲಿ ಕಾಯಿಸಿ, ತಾವಾಗಿ ಒಣಗಿದ ಕೋಲುಗಳೊಂದಿಗೆ ಹೋಲಿಸಿದರು. ಗಡಸುತನ ಕೊಂಚ ಹೆಚ್ಚಿತ್ತು. ಆದರೆ ಬಲ ಶೇ. 30ರಷ್ಟು, ಮುರಿಯಲು ಬೇಕಾಗುವ ಶಕ್ತಿ ಶೇ. 36ರಷ್ಟು ಕುಸಿದಿತ್ತು. ಬೆಂಕಿಯನ್ನು ಬಳಸಿದ್ದು ಮೊನೆ ಹೆರೆಯುವುದನ್ನು ಸುಲಭ ಮಾಡಿಕೊಳ್ಳಲು ಇರಬೇಕು, ಗಟ್ಟಿ ಮಾಡಲು ಅಲ್ಲ ಎಂದು ಅವರು ಸೂಚಿಸಿದರು. ಇಟಲಿಯ ಪೊಜೆಟ್ಟಿ ವೆಕ್ಕಿಯಲ್ಲಿ ದೊರೆತ, ಸುಮಾರು 1,71,000 ವರ್ಷ ಹಳೆಯ ಬಾಕ್ಸ್‌ವುಡ್ ಅಗೆಗೋಲುಗಳ ವರದಿ 2018ರಲ್ಲಿ ಪ್ರಕಟವಾಯಿತು. ಅವುಗಳ ಮೇಲಿನ ಸುಟ್ಟ ಗುರುತುಗಳನ್ನೂ ಸಂಶೋಧಕರು ತೊಗಟೆ ತೆಗೆದು ರೂಪ ಕೊಡುವ ಕೆಲಸಕ್ಕೇ ಜೋಡಿಸಿದರು. ಇದರಿಂದ ಚರ್ಚೆ ಮುಗಿಯಿತೆನ್ನಲಾಗದು. ಆದರೂ ‘ಬೆಂಕಿಯಿಂದ ಗಟ್ಟಿಯಾದ ಈಟಿ’ ಎಂಬ ಮಾತನ್ನು ಹಳೆಯ ಧೈರ್ಯದಿಂದ ಇನ್ನು ಬರೆಯುವಂತಿಲ್ಲ.

ಪ್ರಯೋಗಾಲಯದ ದಶಕಗಳು

ಅಮೆರಿಕದ ಟೀಮನ್, ಹೆಚ್ಚಿನ ಶಾಖದಲ್ಲಿ ಒಣಗಿಸಿದ ಮರ ಮುಂದೆ ಕಡಿಮೆ ತೇವ ಹೀರುತ್ತದೆಂದು 1915ರಲ್ಲೇ ದಾಖಲಿಸಿದ್ದ. ಇದರ ಕಾರಣ ಹುಡುಕಿದವರು ಮ್ಯಾಡಿಸನ್‌ನ ಅರಣ್ಯ ಉತ್ಪನ್ನಗಳ ಪ್ರಯೋಗಾಲಯದವರು. ಆಲ್ಫ್ರೆಡ್ ಸ್ಟ್ಯಾಮ್ ಮತ್ತು ಹ್ಯಾನ್ಸನ್ 1937ರಲ್ಲಿ ಮರವನ್ನು ಬೇರೆ ಬೇರೆ ಅನಿಲಗಳಲ್ಲಿ ಕಾಯಿಸಿ ನೋಡಿದರು. 1946ರಲ್ಲಿ ಕರಗಿದ ಲೋಹದಡಿ ಕಾಯಿಸಿದ ‘ಸ್ಟೇಬ್‌ವುಡ್’ ಬಂತು, ಆದರೆ ಬಲದ ನಷ್ಟ ಅದನ್ನು ಮಾರುಕಟ್ಟೆಯಿಂದ ದೂರವಿಟ್ಟಿತು.

ನಿಜವಾದ ತಿರುವು 1953ರದ್ದು; ಜನಪ್ರಿಯ ಬರಹಗಳಲ್ಲಿ ಅದರ ಹೆಸರೇ ಕಾಣುವುದಿಲ್ಲ. ಶಾಖದಲ್ಲಿ ಸೆಲ್ಯುಲೋಸ್ ಸರಪಳಿಗಳು ಒಂದಕ್ಕೊಂದು ಬೆಸೆದುಕೊಳ್ಳುವುದರಿಂದ ಮರ ಹಿಗ್ಗುವುದಿಲ್ಲ ಎಂದು ಅದುವರೆಗೆ ನಂಬಲಾಗಿತ್ತು. ಅದೇ ಪ್ರಯೋಗಾಲಯದ ಸೆಬೋರ್ಗ್, ಟಾರ್ಕೋ ಮತ್ತು ಸ್ಟ್ಯಾಮ್, ಕಾಯಿಸಿದ ಮರವನ್ನು ಪಿರಿಡೀನ್ ದ್ರವದಲ್ಲಿಟ್ಟಾಗ ಅದು ಕಾಯಿಸದ ಮರಕ್ಕಿಂತಲೂ ಹೆಚ್ಚು ಊದಿಕೊಂಡಿತು. ಬೆಸುಗೆಯಿದ್ದಿದ್ದರೆ ಹಾಗಾಗುತ್ತಿರಲಿಲ್ಲ. ಶಾಖಕ್ಕೆ ಮೊದಲು ಕೊಳೆಯುವುದು ಹೆಮಿಸೆಲ್ಯುಲೋಸ್ ಎಂಬ ವಿವರಣೆ ಮುಂದೆ ಬಂತು. ನೀರನ್ನು ಹೆಚ್ಚು ಹಿಡಿದಿಡುವ ಅಂಶವದು. ಸೆಲ್ಯುಲೋಸ್ ಎಳೆಗಳಿಗೂ ಮರದ ಇನ್ನೊಂದು ಘಟಕವಾದ ಲಿಗ್ನಿನ್‌ಗೂ ನಡುವಿನ ಬಂಧವೂ ಅದೇ. ಅದು ಹೋದಾಗ ತೇವದ ಕಾಟ ತಗ್ಗುತ್ತದೆ, ಬಲವೂ ಕುಗ್ಗುತ್ತದೆ. ಸ್ಥಿರತೆಯನ್ನು ಉಳಿಸಿಕೊಂಡು ಬಲದ ನಷ್ಟವನ್ನು ಮಾತ್ರ ಪೂರ್ತಿ ತಪ್ಪಿಸಲು ಮುಂದಿನ ಯಾವ ವಿಧಾನಕ್ಕೂ ಆಗದಿರುವುದು ಇದರಿಂದಲೇ. ಲಿಗ್ನಿನ್‌ನೊಳಗೆ ಹೊಸ ಬೆಸುಗೆಗಳು ಎಷ್ಟರಮಟ್ಟಿಗೆ ನೆರವಾಗುತ್ತವೆಂಬ ವಾದ ಮಾತ್ರ ಇಂದಿಗೂ ಉಳಿದಿದೆ.

ಗಡಸುಮರದ ಪಾಡು ಇನ್ನಷ್ಟು ಸೂಕ್ಷ್ಮ. ಅದರ ಹೆಮಿಸೆಲ್ಯುಲೋಸ್‌ನಲ್ಲಿ ಅಸಿಟೈಲ್ ಗುಂಪುಗಳು ಹೆಚ್ಚು. ಶಾಖಕ್ಕೆ ಅವು ಅಸಿಟಿಕ್ ಆಮ್ಲವಾಗಿ ಬಿಡುಗಡೆಯಾಗಿ ವಿಘಟನೆಗೆ ವೇಗ ಕೊಡುತ್ತವೆ. ಒಂದೇ ಉಷ್ಣತೆಯಲ್ಲಿ ಪೈನ್‌ಗಿಂತ ಬೀಚ್ ಹೆಚ್ಚು ತೂಕ ಕಳೆದುಕೊಳ್ಳುವುದು ಹೀಗೆ.

ಉದ್ಯಮ

ಜರ್ಮನಿಯ ಬುರ್ಮೆಸ್ಟರ್ 1970ರ ದಶಕದಲ್ಲಿ ತೇವ, ಶಾಖ, ಒತ್ತಡಗಳನ್ನು ಕೂಡಿಸಿದ. ಮುಂದೆ ಫ್ರಾನ್ಸ್ ಸಾರಜನಕದಲ್ಲಿ, ಜರ್ಮನಿ ಸಸ್ಯತೈಲದಲ್ಲಿ, ಫಿನ್ಲೆಂಡ್ ಹಬೆಯಲ್ಲಿ ಕಾಯಿಸುವ ವಿಧಾನಗಳನ್ನು ಬೆಳೆಸಿದವು. 2000ದಲ್ಲಿ ಸಂಘಟಿತವಾದ ಫಿನ್ಲೆಂಡಿನ ‘ಥರ್ಮೊವುಡ್’ ಪದ್ಧತಿ ಗಡಸುಮರಕ್ಕೆ 185 ಮತ್ತು 200 ಡಿಗ್ರಿಗಳನ್ನು ಗೊತ್ತುಮಾಡಿತು. ಪೈನ್‌ನಂಥ ಶಂಕುಮರಗಳಿಗೆ 190 ಮತ್ತು 212. ಮೇಲೆ ಹೇಳಿದ ಆಮ್ಲದ ಲೆಕ್ಕ ಈ ಅಂತರವನ್ನು ವಿವರಿಸುತ್ತದೆ. ಕ್ರೋಮಿಯಂ, ತಾಮ್ರ, ಆರ್ಸೆನಿಕ್ ಬೆರೆತ ಸಂರಕ್ಷಕಗಳ ಮೇಲೆ ಯುರೋಪ್ ಹೇರಿದ ನಿರ್ಬಂಧ ಬೇಡಿಕೆಯನ್ನು ಏರಿಸಿತು.

ಭಾರತದಲ್ಲಿ ಬೆಂಗಳೂರಿನ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ ರಬ್ಬರ್ ಮರ ಹಾಗೂ ಕಾಫಿ ತೋಟಗಳ ಸಿಲ್ವರ್ ಓಕ್‌ನಂಥ ನೆಡುತೋಪಿನ ಮರಗಳ ಮೇಲೆ ಈ ವಿಧಾನವನ್ನು ಅಧ್ಯಯನ ಮಾಡಿದೆ. ತಿಳಿಬಣ್ಣದ, ಬೇಗ ಬೆಳೆಯುವ ಇಂಥ ಮರಗಳಿಗೆ ತೇಗದ ಛಾಯೆಯನ್ನೂ ಸ್ಥಿರತೆಯನ್ನೂ ಕೊಡಬಲ್ಲ ದಾರಿಯೆಂಬುದು ಇಲ್ಲಿ ಇದರ ಮುಖ್ಯ ಆಕರ್ಷಣೆ. ಆದರೆ ಶಿಲೀಂಧ್ರವನ್ನು ತಡೆಯುವಷ್ಟು ನೆಚ್ಚಿಕೆಯಿಂದ ಈ ಮರ ಗೆದ್ದಲನ್ನು ತಡೆಯುವುದಿಲ್ಲ. ಆದ್ದರಿಂದ ಮಣ್ಣಿನಲ್ಲಿ ಹೂಳುವ ಕಂಬಕ್ಕಾಗಲಿ ಭಾರ ಹೊರುವ ತೊಲೆಗಾಗಲಿ ಇದನ್ನು ಶಿಫಾರಸು ಮಾಡುವುದಿಲ್ಲ. ನೆಲಹಾಸು, ಗೋಡೆಯ ಹೊದಿಕೆ, ಪೀಠೋಪಕರಣಗಳಿಗೆ ಬಳಸಲಾಗುತ್ತದೆ.